ಡ್ರೋನೋ, ವಿಮಾನವೋ, ಬೆನ್ನ ಮೇಲಿನ ಕ್ಯಾನೋ: ಔಷಧಿ ಹೊಡೆಸುವ ಮುಂಚೆ ಹಾಕಬೇಕಾದ ಲೆಕ್ಕ

ನೀರಿನ ಹನಿ ಬಿದ್ದ ಜಾಗದಲ್ಲಿ ನೀಲಿ ಚುಕ್ಕೆ ಮೂಡುವ ಒಂದು ಹಳದಿ ಕಾಗದ ಬರುತ್ತದೆ. ಕೃಷಿ ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಹೋದ ಮಳೆಗಾಲದಲ್ಲಿ ನನಗೆ ನಾಲ್ಕಾರು ತುಂಡು ತಂದುಕೊಟ್ಟಿದ್ದ. ಬಿದಿರು ಕಡ್ಡಿಗೆ ಮೂರು ತುಂಡು ಸಿಕ್ಕಿಸಿ ಭತ್ತದ ನಡುವೆ ನೆಟ್ಟೆ. ಒಂದು ತೆನೆಯ ಮಟ್ಟಕ್ಕೆ, ಒಂದು ಪೈರಿನ ಸೊಂಟಕ್ಕೆ, ಇನ್ನೊಂದು ನೀರಿನಿಂದ ಗೇಣು ಮೇಲೆ. ಡ್ರೋನ್ ಬಂತು, ಎಕರೆ ಗದ್ದೆಯನ್ನು ಏಳು ನಿಮಿಷದಲ್ಲಿ ಮುಗಿಸಿತು. ಕಡ್ಡಿ ಕಿತ್ತು ನೋಡಿದೆ. ಮೇಲಿನ ಕಾಗದಕ್ಕೆ ಅಮ್ಮ ಬಂದವರ ಮೈ ಹಾಗೆ ತುಂಬಾ ಚುಕ್ಕೆ. ನಡುವಿನದಕ್ಕೆ ಅಲ್ಲೊಂದು ಇಲ್ಲೊಂದು. ಕೆಳಗಿನದರಲ್ಲಿ ಎಣಿಸಿದರೆ ಮೂರು.

ಆವತ್ತು ನಾನು ಹೊಡೆಸಿದ್ದು ಬೆಂಕಿರೋಗಕ್ಕೆ. ಅದು ಎಲೆಗೂ ತೆನೆಯ ಕುತ್ತಿಗೆಗೂ ಬರುವ ರೋಗ, ಔಷಧಿ ಮೇಲೆ ಬಿದ್ದರೆ ಕೆಲಸ ಆಯಿತು. ಅದೇ ಕಂದು ಜಿಗಿಹುಳು ಆಗಿದ್ದರೆ? ಅದು ಬುಡದಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಕೂತು ರಸ ಹೀರುತ್ತದೆ. ಆ ಮೂರು ಚುಕ್ಕೆಯಿಂದ ಅದಕ್ಕೆ ಶೀತವೂ ಆಗುವುದಿಲ್ಲ. ಡ್ರೋನೂ ಅದೇ, ಗದ್ದೆಯೂ ಅದೇ, ಕೊಟ್ಟ ದುಡ್ಡೂ ಅದೇ. ಆ ರೋಗಕ್ಕೆ ಸರಿ, ಈ ಹುಳಕ್ಕೆ ದಂಡ.

ಹಾಗಾಗಿ 'ಡ್ರೋನ್ ಒಳ್ಳೆಯದಾ, ಕ್ಯಾನ್ ಒಳ್ಳೆಯದಾ?' ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಎರಡೇ. ಹನಿ ಎಲ್ಲಿ ಕೂರಬೇಕು? ಎಲ್ಲಿ ಕೂರಬಾರದು? ಯಾವ ಯಂತ್ರ ಅನ್ನುವುದು ಅದರ ನಂತರದ ಮಾತು. ನನಗೆ ಚನ್ನಗಿರಿ ಕಡೆ ಭದ್ರಾ ನೀರಿನ ಎರಡು ಎಕರೆ ಗದ್ದೆ, ಅಷ್ಟೇ ಅಡಿಕೆ, ಮಳೆ ನಂಬಿದ ಮೂರು ಎಕರೆ ಮೆಕ್ಕೆಜೋಳ ಇದೆ. ಮೂರಕ್ಕೂ ಒಂದೇ ಉತ್ತರ ಇಲ್ಲ ಅಂತ ಕೈ ಸುಟ್ಟುಕೊಂಡೇ ಕಲಿತಿದ್ದೇನೆ.

ವಿಮಾನ ನಮ್ಮ ಹೊಲಕ್ಕೆ ಯಾಕೆ ಬರುವುದಿಲ್ಲ

ವಿಮಾನದಲ್ಲಿ ಔಷಧಿ ಹೊಡೆಯುವುದು ನೂರು ವರ್ಷ ದಾಟಿದ ಕೆಲಸ. 1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಅನ್ನುವ ಊರಿನ ಹತ್ತಿರ, ಜಾನ್ ಮೆಕ್ರೆಡಿ ಅನ್ನುವ ಸೇನೆಯ ಪೈಲಟ್ ಒಬ್ಬರು ಕರ್ಟಿಸ್ ಜೆನ್ನಿ ವಿಮಾನದಿಂದ ಕಟಾಲ್ಪಾ ಮರಗಳ ಮೇಲೆ ಸೀಸ ಮತ್ತು ಆರ್ಸೆನಿಕ್ ಬೆರೆತ ಪುಡಿ ಉದುರಿಸಿದರು. ಎಲೆ ತಿನ್ನುವ ಹುಳುಗಳು ಸತ್ತವು. ಅಲ್ಲಿಂದ ಅದು ಹತ್ತಿ ಹೊಲಕ್ಕೆ ಬಂತು. ಹಾಗೆ ಹತ್ತಿಗೆ ಪುಡಿ ಹೊಡೆಯಲು ಶುರುವಾದ ಒಂದು ಕಂಪನಿಯೇ ಮುಂದೆ ಡೆಲ್ಟಾ ಏರ್‌ಲೈನ್ಸ್ ಆಯಿತು.

ಇವತ್ತಿನ ದೊಡ್ಡ ಕೃಷಿ ವಿಮಾನ ಅಂದರೆ ಏರ್ ಟ್ರ್ಯಾಕ್ಟರ್ 802. ಅದರ ಟ್ಯಾಂಕಿಗೆ 3,000 ಲೀಟರ್ ಹಿಡಿಯುತ್ತದೆ. ಬೆಳೆಯ ಮೇಲೆ ಹತ್ತಾರು ಅಡಿ ಎತ್ತರದಲ್ಲಿ, ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ, ಸುಮಾರು 20 ಮೀಟರ್ ಅಗಲದ ಪಟ್ಟಿ ಹೊಡೆಯುತ್ತಾ ಹೋಗುತ್ತದೆ. ಸುಮ್ನೆ ಗುಣಿಸಿ ನೋಡಿ. ಗಂಟೆಗೆ 225 ಕಿಲೋಮೀಟರ್ ಅಂದರೆ ಸೆಕೆಂಡಿಗೆ 62 ಮೀಟರ್. ಒಂದು ಎಕರೆಗೆ ಮೂರು ಸೆಕೆಂಡು ಚಿಲ್ಲರೆ ಸಾಕು!

ಕೇಳಲು ಭರ್ಜರಿ. ಆದರೆ ನನ್ನ ಎರಡು ಎಕರೆ ಗದ್ದೆ ಉದ್ದಕ್ಕೆ 90 ಮೀಟರ್ ಇದೆ. ಆ ವಿಮಾನಕ್ಕೆ ಅದು ಒಂದೂವರೆ ಸೆಕೆಂಡಿನ ದಾರಿ. ಆ ಕಡೆ ಹೋಗಿ ತಿರುಗಿ ಬರಲು ಅರ್ಧ ನಿಮಿಷ. ಅಂದರೆ ಇಂಧನ ಸುಡುವುದೆಲ್ಲ ತಿರುಗುವುದಕ್ಕೇ. ನಡುವೆ ಪಂಪ್‌ಸೆಟ್ಟಿನ ತಂತಿ, ತೆಂಗಿನ ಮರ, ಪಕ್ಕದವರ ಮೆಣಸಿನ ಗಿಡ, ದನ ಕಟ್ಟಿದ ಕೊಟ್ಟಿಗೆ. 2015–16ರ ಕೃಷಿ ಗಣತಿ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆ ಆಚೀಚೆ. ಅದೂ ಒಂದೇ ಕಡೆ ಇರುವುದಿಲ್ಲ, ಅಣ್ಣತಮ್ಮಂದಿರ ಪಾಲಾಗಿ ನಾಲ್ಕು ಕಡೆ ಇರುತ್ತದೆ.

ಪ್ರಯತ್ನ ಆಗಿಲ್ಲ ಅಂತಲ್ಲ. ಬೆಂಗಳೂರಿನ ಎಚ್‌ಎಎಲ್ 'ಬಸಂತ್' ಅಂತ ಒಂದು ಕೃಷಿ ವಿಮಾನವನ್ನೇ ಮಾಡಿತ್ತು. ಒಬ್ಬನೇ ಪೈಲಟ್ ಕೂರುವ, 400 ಅಶ್ವಶಕ್ತಿಯ ಎಂಜಿನ್‌ನ ವಿಮಾನ. ಈಗ ನೆನಪಿರುವ ಆ ರೂಪದಲ್ಲಿ ಅದು ಮೊದಲು ಹಾರಿದ್ದು 1972ರ ಮಾರ್ಚ್ 30ರಂದು. ಎಲ್ಲ ಸೇರಿ 39 ವಿಮಾನ ಆಗುವಷ್ಟರಲ್ಲಿ, 1980ರಲ್ಲಿ ತಯಾರಿಕೆ ನಿಂತಿತು. ನಮ್ಮೂರಿನ ಹಿರಿಯರಿಗೆ ಹೇಳಿದರೆ ನಂಬುವುದಿಲ್ಲ, 'ಹೊಲಕ್ಕೆ ವಿಮಾನವಾ, ಎಲ್ಲಿ ಇಳಿಸ್ತಿದ್ರಪ್ಪ?' ಅಂತ ನಗುತ್ತಾರೆ. ಅವರ ಪ್ರಶ್ನೆ ಸರಿಯಾಗೇ ಇದೆ, ಅಲ್ವಾ?

ವಿಮಾನ ಸೈ ಅನ್ನಿಸುವ ಜಾಗಗಳು ಬೇರೆ. ಕ್ಯಾಲಿಫೋರ್ನಿಯಾದ ಭತ್ತದ ಬಯಲಿನಲ್ಲಿ ನೀರು ನಿಂತ ಗದ್ದೆಗೆ ಟ್ರ್ಯಾಕ್ಟರ್ ಇಳಿಸಲಾಗದೆ ಬೀಜವನ್ನೂ ವಿಮಾನದಿಂದಲೇ ಚೆಲ್ಲುತ್ತಾರೆ. ಬ್ರೆಜಿಲ್‌ನ ಸೋಯಾ, ಕಬ್ಬಿನ ಬಯಲುಗಳಲ್ಲಿ ಕಣ್ಣು ಹಾಯಿಸಿದಷ್ಟೂ ಒಂದೇ ಬೆಳೆ, ಒಬ್ಬನೇ ಮಾಲೀಕ. ಅಲ್ಲಿ ಹಾರುವ ಇಪನೇಮಾ ಅನ್ನುವ ವಿಮಾನ ಕಬ್ಬಿನಿಂದ ತೆಗೆದ ಎಥೆನಾಲ್‌ನಲ್ಲೇ ಓಡುತ್ತದೆ. ಅದೇ ಬ್ರೆಜಿಲ್‌ನ ಸಿಯಾರಾ ಅನ್ನುವ ರಾಜ್ಯ 2019ರಲ್ಲಿ ವಿಮಾನದ ಸಿಂಪಡಣೆಯನ್ನು ನಿಷೇಧಿಸಿತು ಅನ್ನುವುದನ್ನೂ ಸೇರಿಸಿ ಓದಿಕೊಳ್ಳಿ. ಯುರೋಪಿನ ಒಕ್ಕೂಟ 2009ರಲ್ಲೇ, ಬೇರೆ ದಾರಿ ಇಲ್ಲದ ಕಡೆ ಬಿಟ್ಟು ಉಳಿದ ಕಡೆ ಆಕಾಶದಿಂದ ಕೀಟನಾಶಕ ಹೊಡೆಯಬಾರದು ಅಂತ ನಿಯಮ ಮಾಡಿತು.

ಹೆಲಿಕಾಪ್ಟರ್ ಅಂದರೆ ಕಾಸರಗೋಡು ನೆನಪಾಗುತ್ತದೆ

ಹೆಲಿಕಾಪ್ಟರ್‌ಗೆ ರನ್‌ವೇ ಬೇಡ, ನಿಧಾನಕ್ಕೂ ಹಾರಬಹುದು. ಕಾಗದದ ಮೇಲೆ ಗುಡ್ಡಗಾಡಿನ ತೋಟಕ್ಕೆ ಇದಕ್ಕಿಂತ ಬೇರೆ ಬೇಡ ಅನ್ನಿಸುತ್ತದೆ. ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಅದನ್ನೇ ಮಾಡಿತು. ಅಲ್ಲಿನ 4,500 ಹೆಕ್ಟೇರಿಗೂ ಮಿಕ್ಕಿದ ಗೇರು ತೋಟಕ್ಕೆ, ಟೀ ಸೊಳ್ಳೆ ಅನ್ನುವ ಕೀಟದ ಕಾಟಕ್ಕೆ ಅಂತ, 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಿತು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಸರಕಾರಿ ಗೇರು ತೋಟಗಳಲ್ಲೂ ಅದೇ ಔಷಧಿ, ಅದೇ ರೀತಿ.

ಅಲ್ಲಿನ ನೆಲವನ್ನು ಒಮ್ಮೆ ನೆನೆಸಿಕೊಳ್ಳಿ. ಗೇರು ಇರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಶಾಲೆ, ಬಾವಿ, ತೋಡು ಇರುವುದು ಕೆಳಗೆ ಕಣಿವೆಯಲ್ಲಿ. ಕುಡಿಯುವ ನೀರು ಬರುವುದು ಗುಡ್ಡದ ಹೊಟ್ಟೆಗೆ ಅಡ್ಡಡ್ಡ ಕೊರೆದ ಸುರಂಗಗಳಿಂದ, ತೆರೆದ ಕೆರೆಗಳಿಂದ. ಮೇಲೆ ಸುರಿದಿದ್ದು ಮಳೆ ಬಂದ ಕೂಡಲೇ ಎಲ್ಲಿಗೆ ಇಳಿಯುತ್ತದೆ ಅಂತ ಹೇಳಬೇಕಾಗಿಲ್ಲ. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಮಕ್ಕಳಿಗೆ ಏನೇನಾಯಿತು ಅನ್ನುವುದು ಕನ್ನಡಿಗರು ಓದಿ ತಿಳಿದ ಸಂಗತಿಯೇ. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಅನ್ನು ದೇಶದಲ್ಲೇ ತಡೆಯಿತು. 2017ರಲ್ಲಿ ಪ್ರತಿ ಸಂತ್ರಸ್ತರಿಗೂ 5 ಲಕ್ಷ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿತು.

ಗೇರು ಮರಕ್ಕೆ ಔಷಧಿ ತಲುಪಿತ್ತು, ಅದರಲ್ಲಿ ಸಂಶಯ ಇಲ್ಲ. ನನ್ನ ಎರಡನೇ ಪ್ರಶ್ನೆಯನ್ನು, ಎಲ್ಲಿ ಕೂರಬಾರದು ಅನ್ನುವುದನ್ನು, ಇಪ್ಪತ್ತು ವರ್ಷ ಸುರಿದವರು ಯಾರೂ ಕೇಳಿಕೊಳ್ಳಲಿಲ್ಲ.

ಹೆಲಿಕಾಪ್ಟರ್‌ಗೆ ಸರಿಯಾದ ಕೆಲಸವೂ ಇದೆ. 2020ರಲ್ಲಿ ರಾಜಸ್ಥಾನಕ್ಕೆ ಮಿಡತೆ ದಂಡು ಬಂದಾಗ ವಾಯುಪಡೆ ತನ್ನ ಎಂಐ-17 ಹೆಲಿಕಾಪ್ಟರ್‌ಗಳನ್ನೇ ಸಿಂಪಡಣೆಗೆ ಮಾರ್ಪಡಿಸಿತ್ತು. ಜೊತೆಗೆ ಡ್ರೋನ್‌ಗಳೂ ಹೋದವು. ಮರುಭೂಮಿ, ಜನ ಕಡಿಮೆ, ಹುಳು ಕೋಟಿಗಟ್ಟಲೆ. ಅಂಥ ಕಡೆ ಅದು ಸರಕಾರ ಮಾಡುವ ಕೆಲಸ, ನಾವು ನೀವು ಬಾಡಿಗೆಗೆ ಕರೆಸುವಂಥದ್ದಲ್ಲ. ಹಾಗಾಗಿ ಉಳಿಯುವುದು ಡ್ರೋನ್ ಮತ್ತು ನೆಲದ ಮೇಲಿನ ಪಂಪುಗಳು.

ಡ್ರೋನ್: ಹನಿ ಸಣ್ಣದು, ಔಷಧಿ ಗಟ್ಟಿ

ಡ್ರೋನ್ ನಿನ್ನೆ ಮೊನ್ನೆಯ ಆಟಿಕೆ ಅಂದುಕೊಳ್ಳಬೇಡಿ. ಜಪಾನಿನಲ್ಲಿ ಯಮಹಾ ಕಂಪನಿ 1987ರಲ್ಲೇ ಪೈಲಟ್ ಇಲ್ಲದ ಸಣ್ಣ ಹೆಲಿಕಾಪ್ಟರ್ ತಂದಿತ್ತು, ಭತ್ತದ ಗದ್ದೆಗೆ ಔಷಧಿ ಹೊಡೆಯಲು. ಅವರದ್ದೂ ನಮ್ಮ ಹಾಗೆ ತುಂಡು ಗದ್ದೆ, ವಯಸ್ಸಾದ ರೈತರು. ಈಗಿನ ನಾಲ್ಕು, ಆರು ರೆಕ್ಕೆಯ ಡ್ರೋನ್ ಅದರ ಅಗ್ಗದ ತಮ್ಮ.

ನಮ್ಮ ಕಡೆ ಬಾಡಿಗೆಗೆ ಬರುವುದರಲ್ಲಿ 10 ಲೀಟರ್ ಟ್ಯಾಂಕಿನದೇ ಜಾಸ್ತಿ. ಬೆಳೆಯ ಮೇಲೆ ಆಳೆತ್ತರದಲ್ಲಿ ಹಾರುತ್ತದೆ. ಸೆಕೆಂಡಿಗೆ 4 ಮೀಟರ್ ವೇಗ, ಮೂರೂವರೆ ಮೀಟರ್ ಅಗಲದ ಪಟ್ಟಿ ಅಂತ ಹಿಡಿದರೆ ಎಕರೆಗೆ ಐದು ನಿಮಿಷ. ತಿರುಗುವುದು, ಇಳಿಯುವುದು ಸೇರಿ ಏಳೆಂಟು. ಒಂದು ಜೊತೆ ಬ್ಯಾಟರಿ ಹತ್ತು ನಿಮಿಷದ ಆಚೀಚೆ ಬರುತ್ತದೆ. ಅದಕ್ಕೇ ಅವರು ಐದಾರು ಜೊತೆ ಬ್ಯಾಟರಿ, ಒಂದು ಜನರೇಟರ್ ಗಾಡಿಯಲ್ಲಿ ಹೊತ್ತು ಬರುವುದು.

ಇಲ್ಲಿ ಒಂದು ಲೆಕ್ಕ ತಲೆಗೆ ಹೋಗಬೇಕು. ಕ್ಯಾನ್‌ನಲ್ಲಿ ಹೊಡೆಯುವಾಗ ಎಕರೆಗೆ 16 ಲೀಟರಿನ ಹತ್ತು ಕ್ಯಾನ್ ಹಿಡಿಯುತ್ತದೆ ಅನ್ನಿ, 160 ಲೀಟರ್ ನೀರು. ಡ್ರೋನ್‌ಗೆ 10 ಲೀಟರ್. ಔಷಧಿ ಮಾತ್ರ ಎರಡಕ್ಕೂ ಅಷ್ಟೇ. ಅಂದರೆ ಡ್ರೋನ್ ಟ್ಯಾಂಕಿನಲ್ಲಿರುವುದು ಹದಿನಾರು ಪಟ್ಟು ಗಟ್ಟಿ. ನಾವು ರೈತರು ಮೊದಲಿಂದ 'ಕ್ಯಾನಿಗೆ ಎರಡು ಮುಚ್ಚಳ' ಅಂತ ಹಾಕಿ ರೂಢಿ. ಆ ಲೆಕ್ಕದಲ್ಲಿ ಡ್ರೋನ್ ಟ್ಯಾಂಕಿಗೂ ಎರಡು ಮುಚ್ಚಳ ಹಾಕಿದರೆ ಹುಳು ಸಾಯುವುದಿಲ್ಲ. ಅಂದಾಜಿನ ಮೇಲೆ ಜಾಸ್ತಿ ಸುರಿದರೆ ಎಲೆ ಸುಡುತ್ತದೆ. ಕ್ಯಾನಿನ ಲೆಕ್ಕ ಬಿಟ್ಟು ಎಕರೆ ಲೆಕ್ಕ ಹಿಡಿಯಿರಿ. ಡಬ್ಬಿಯ ಮೇಲೆ ಎಕರೆಗೋ ಹೆಕ್ಟೇರಿಗೋ ಎಷ್ಟು ಅಂತ ಬರೆದಿರುತ್ತದೆ, ಎಕರೆ ಲೆಕ್ಕಕ್ಕೆ ಇಳಿಸಿ ಅದಷ್ಟೇ ಹಾಕಿ. ಬೆರೆಸುವವರಿಗೆ ಕೈಗವಸು ಬೇಕೇಬೇಕು, ಕೈ ಮೇಲೆ ಬಿದ್ದ ಒಂದು ಹನಿಯೂ ಹದಿನಾರು ಪಟ್ಟು ಗಟ್ಟಿ ತಾನೇ.

ಎರಡು ಮೂರು ಔಷಧಿ ಸೇರಿಸುವ ಚಟ ಇದ್ದರೆ ಒಂದು ಪರೀಕ್ಷೆ ಮಾಡಿ. ಅದೇ ಪ್ರಮಾಣದಲ್ಲಿ ಒಂದು ಖಾಲಿ ನೀರಿನ ಬಾಟಲಿಯಲ್ಲಿ ಬೆರೆಸಿ ಅರ್ಧ ಗಂಟೆ ಬಿಡಿ. ಮೊಸರಿನ ಹಾಗೆ ಒಡೆದರೆ, ಕೆಳಗೆ ಗಸಿ ಕೂತರೆ, ಡ್ರೋನಿನ ನಾಝಲ್, ಅಂದರೆ ಹನಿ ಚಿಮ್ಮುವ ಬಾಯಿ, ಕಟ್ಟುವುದು ಗ್ಯಾರಂಟಿ. 160 ಲೀಟರ್ ನೀರಿನಲ್ಲಿ ಸುಮ್ಮನಿರುವ ಔಷಧಿಗಳು 10 ಲೀಟರಿನಲ್ಲಿ ಜಗಳ ಆಡುತ್ತವೆ.

ಇನ್ನು ಗಾಳಿ. ಹನಿ ಸಣ್ಣ ಆದಷ್ಟೂ ಎಲೆಗೆ ಚೆನ್ನಾಗಿ ಹರಡುತ್ತದೆ, ಗಾಳಿಗೂ ಅಷ್ಟೇ ಚೆನ್ನಾಗಿ ಹೋಗುತ್ತದೆ. 100 ಮೈಕ್ರಾನ್ ಹನಿ, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು, ಹತ್ತು ಅಡಿ ಎತ್ತರದಿಂದ ನೆಲ ಮುಟ್ಟಲು ಸುಮಾರು ಹತ್ತು ಸೆಕೆಂಡ್ ಬೇಕು. ಗಂಟೆಗೆ 5 ಕಿಲೋಮೀಟರ್ ಅಂದರೆ ಎಲೆ ಅಲುಗಿತೋ ಇಲ್ಲವೋ ಅನ್ನುವ ಗಾಳಿ. ಅಷ್ಟಕ್ಕೇ ಆ ಹನಿ 14 ಮೀಟರ್ ಆಚೆ ಬೀಳುತ್ತದೆ. 400 ಮೈಕ್ರಾನ್ ದಪ್ಪದ ಹನಿ ಎರಡು ಸೆಕೆಂಡಿನಲ್ಲಿ ಇಳಿಯುತ್ತದೆ, ಮೂರು ಮೀಟರ್ ಒಳಗೇ. ಡ್ರೋನಿನ ರೆಕ್ಕೆಯ ಗಾಳಿ ಹನಿಯನ್ನು ಕೆಳಗೆ ಒತ್ತುತ್ತದೆ ಅನ್ನುವುದು ನಿಜ. ಆದರೆ ಅದು ನಿಧಾನಕ್ಕೆ, ಕೆಳಗೆ ಹಾರಿದಾಗ. ಎಕರೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಹುಡುಗರಿಗೆ ಬೇಗ ಮುಗಿಸುವ ಆಸೆ. ವೇಗ ಹೆಚ್ಚಿಸಿದರೆ ರೆಕ್ಕೆಯ ಗಾಳಿ ಹಿಂದೆ ಉಳಿಯುತ್ತದೆ, ಹನಿ ಗಾಳಿಪಾಲು. ಪಕ್ಕದಲ್ಲಿ ನಿಂತು 'ತಮ್ಮಾ, ನಿಧಾನ' ಅನ್ನಲು ಸಂಕೋಚ ಬೇಡ.

ಗಾಳಿಯೇ ಇಲ್ಲದ ಬೆಳಗಿನ ಜಾವ ಒಳ್ಳೆಯದು ಅಂತ ನಾನೂ ನಂಬಿದ್ದೆ. ನೆಲ ತಣ್ಣಗಿದ್ದು ಮಂಜು ತೂಗುವ ಹೊತ್ತಿನಲ್ಲಿ ಸಣ್ಣ ಹನಿಯೂ ಮಂಜಿನ ಹಾಗೇ ತೂಗುತ್ತದೆ, ಆಮೇಲೆ ಎಲ್ಲಿಗೋ ಜಾರುತ್ತದೆ. ಬಿಸಿಲು ಸ್ವಲ್ಪ ಏರಿ ತೆಳು ಗಾಳಿ ಒಂದೇ ದಿಕ್ಕಿಗೆ ಬೀಸುವಾಗ ಹೊಡೆಸುವುದು ವಾಸಿ. ಬೆಳೆ ಹೂವಲ್ಲಿದ್ದರೆ ಸಂಜೆ ಮಾಡಿ, ಜೇನು ಗೂಡಿಗೆ ಹೋದ ಮೇಲೆ.

ಬೆಳೆ ಬೆಳೆಗೂ ಬೇರೆ ಉತ್ತರ

ಭತ್ತದ ವಿಷಯ ಆಗಲೇ ಹೇಳಿದೆ. ಬೆಂಕಿರೋಗ, ಎಲೆ ಸುತ್ತುವ ಹುಳು ಇಂಥವಕ್ಕೆ ಡ್ರೋನ್‌ಗೆ ನನ್ನ ಓಟು. ಕೆಸರಿನಲ್ಲಿ ಕಾಲು ಹೂತು ನಡೆಯುವ ಕಷ್ಟ ಇಲ್ಲ, ತೆನೆ ಬಂದ ಪೈರು ತುಳಿತವೂ ಇಲ್ಲ. ಜಿಗಿಹುಳುವಿಗೆ ಮಾತ್ರ ಗದ್ದೆ ನೀರು ಬಸಿದು, ಪೈರನ್ನು ಅಲ್ಲಲ್ಲಿ ಸೀಳಿ, ಕ್ಯಾನ್ ಹೊತ್ತು ಬುಡಕ್ಕೇ ಹೊಡೆಯಬೇಕು. ಬೇರೆ ಅಡ್ಡದಾರಿ ನನಗೆ ಕಂಡಿಲ್ಲ.

ಮೆಕ್ಕೆಜೋಳಕ್ಕೆ ಬಂದಿರುವ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಂಡಿದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ, 2018ರಲ್ಲಿ. ಆ ಹುಳು ಸುಳಿಯ ಒಳಗೆ ಕೂತು, ಬಾಗಿಲಿಗೆ ತನ್ನದೇ ಹಿಕ್ಕೆಯನ್ನು ಅಡ್ಡ ಇಟ್ಟುಕೊಳ್ಳುತ್ತದೆ. ಬೆಳೆ ಮೊಣಕಾಲುದ್ದ ಇರುವಾಗ ಕ್ಯಾನ್ ಹೊತ್ತು ಸುಳಿ ಸುಳಿಗೇ ಬಿಡುವ ಆಳಿನ ಮುಂದೆ ಯಾವ ಡ್ರೋನೂ ನಿಲ್ಲುವುದಿಲ್ಲ. ಡ್ರೋನ್ ಹೊಡೆದದ್ದರಲ್ಲಿ ಅರ್ಧ, ಸಾಲುಗಳ ನಡುವಿನ ಮಣ್ಣಿಗೆ. ಬೆಳೆ ಎದೆ ಮಟ್ಟ ದಾಟಿ, ಎಲೆ ಅಲಗಿನ ಹಾಗೆ ಮೈ ಕೊಯ್ಯುವಾಗ ಆಟ ತಿರುಗುತ್ತದೆ. ಆಗ ಒಳಗೆ ಹೋಗಲು ಯಾವ ಆಳೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಕಲಬುರಗಿ ಕಡೆಯ ತೊಗರಿಗೂ ಇದೇ ಮಾತು, ಇನ್ನೂ ಜೋರಾಗಿ. ಹೂ ಬಿಡುವ ಹೊತ್ತಿಗೆ ಗಿಡ ಆಳೆತ್ತರ. ಕಾಯಿಕೊರಕ ಇರುವುದು ಮೇಲೆ, ಹೂವಲ್ಲಿ, ಕಾಯಲ್ಲಿ. ಪಂಪು ಹೊತ್ತವನು ಕೋಲನ್ನು ತಲೆ ಮೇಲೆತ್ತಿ ಹೊಡೆದರೆ ಅರ್ಧ ಅವನ ಮುಖಕ್ಕೇ ಬೀಳುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಎತ್ತರ ಬೆಳೆದ ಹತ್ತಿಗೆ ಔಷಧಿ ಹೊಡೆಯುತ್ತಾ 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ತೊಗರಿಗೆ ಡ್ರೋನ್ ದುಬಾರಿ ಆದರೂ ಸರಿ ಅಂತ ನಾನು ಹೇಳುವುದು ಇದಕ್ಕೇ. ಹುಳು ಸಾಯುವುದು ಬಿಡಿ, ಮನುಷ್ಯ ಹೊಲದಿಂದ ಹೊರಗಿರುತ್ತಾನೆ.

ಅಡಿಕೆಯಲ್ಲಿ ಮಾತ್ರ ನಮ್ಮ ಮನೆಯಲ್ಲೇ ಎರಡು ಪಕ್ಷ. ತೀರ್ಥಹಳ್ಳಿಯ ನಮ್ಮ ಭಾವನ ತೋಟಕ್ಕೆ ಕೊಳೆರೋಗದ ಕಾಟ. 'ಏನ್ ಮಾರಾಯ, ನಿಮ್ಮೂರಲ್ಲಿ ಡ್ರೋನ್ ಬರ್ತದಂತಲ್ಲ, ಇಲ್ಲಿಗೂ ಕಳ್ಸು' ಅಂತ ಫೋನ್ ಮಾಡಿದ್ದರು. ಕೊನೆಗೆ ಬೇಡ ಅಂತ ನಾನೇ ತಡೆದೆ. ಕಾರಣ ಕೇಳಿ. ಕೊಳೆ ಬರುವುದು ಗೊನೆಗೆ. ಗೊನೆ ಇರುವುದು ಸೋಗೆಗಳ ಕೆಳಗೆ, ಕಂಕುಳಲ್ಲಿ. ಡ್ರೋನ್ ಹಾರುವುದು ಸೋಗೆಗಳ ಮೇಲೆ. ಹನಿಯೆಲ್ಲ ಕೊಡೆಯ ಮೇಲೆ ಬೀಳುತ್ತದೆ, ಕೊಡೆಯ ಕೆಳಗೆ ನಿಂತವನಿಗೆ ಏನು ಸಿಕ್ಕೀತು?

ಮತ್ತೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಗುಣವೇ ಬೇರೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಮ್ಮ ಭಾವ ಈಗಲೂ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನೊಂದಿಷ್ಟು ತಿಳಿ ಸುಣ್ಣ ಹುಯ್ಯುತ್ತಾರೆ. ಆ ಸುಣ್ಣದ ಗಸಿ ಡ್ರೋನಿನ ಸಣ್ಣ ನಾಝಲ್‌ಗೆ ಹೋದರೆ ಅಲ್ಲಿಗೆ ಮುಗಿಯಿತು. ಸೋಸಿ ಹಾಕುತ್ತೇನೆ ಅಂದರೂ, ಎಕರೆಗೆ 500 ಮರ, ಮರಕ್ಕೆ ಅರ್ಧ ಲೀಟರ್ ಹಿಡಿದರೂ 250 ಲೀಟರ್ ಆಯಿತು. 10 ಲೀಟರ್ ಡ್ರೋನ್ ಇಪ್ಪತ್ತೈದು ಸಲ ಹಾರಬೇಕು. ಬೋರ್ಡೋವನ್ನು ಬೇರೆ ಔಷಧಿಯ ಹಾಗೆ ಗಟ್ಟಿ ಮಾಡಿ ಕಡಿಮೆ ಹೊಡೆಯಲೂ ಬರುವುದಿಲ್ಲ, ಗೊನೆ ಪೂರ್ತಿ ಒದ್ದೆಯಾಗಬೇಕು. ಹಾಗಾಗಿ ಕೊಳೆಗೆ ಮರ ಹತ್ತುವವರು ಸಿಕ್ಕರೆ ಅವರು, ಸಿಗದಿದ್ದರೆ ನೆಲದಲ್ಲೇ ನಿಂತು ಹೊಡೆಯುವ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದ ಕೋಲು. ಭಾವ ಈಗ ದೋಟಿ ತಂದಿದ್ದಾರೆ. ಕುತ್ತಿಗೆ ನೋವು ಅಂತ ಬೈಯುತ್ತಾರೆ, ಆದರೆ ಗೊನೆ ಒದ್ದೆಯಾಗುತ್ತಿದೆ.

ಎಲೆಚುಕ್ಕೆ ರೋಗಕ್ಕೆ ಲೆಕ್ಕ ಬೇರೆ. ಅದು ಬರುವುದೇ ಸೋಗೆಗೆ. ಅಲ್ಲಿ ಡ್ರೋನ್‌ಗೆ ಅರ್ಥ ಇದೆ. ಮರಗಳ ಎತ್ತರ ಒಂದೇ ಸಮ ಇರುವ, ನಡುವೆ ತೆಂಗು, ಸಿಲ್ವರ್ ಓಕ್ ಇಲ್ಲದ ತೋಟ ಆಗಿರಬೇಕು. ಕೆಳಗಿನ ಸೋಗೆಗಳಿಗೆ ಎಷ್ಟು ತಲುಪಿತು ಅಂತ ಆ ಹಳದಿ ಕಾಗದ ಕಟ್ಟಿ ನೋಡುವವರೆಗೆ ನಾನಂತೂ ಪೂರ್ತಿ ತೋಟ ಹೊಡೆಸುವುದಿಲ್ಲ.

ತರಕಾರಿಗೆ, ಅದರಲ್ಲೂ ಹತ್ತು ಗುಂಟೆ ಇಪ್ಪತ್ತು ಗುಂಟೆ ಬದನೆ, ಟೊಮೆಟೊಗೆ, ಬ್ಯಾಟರಿ ಪಂಪೇ ಸಾಕು. ಎಲೆಯ ಅಡಿಗೆ ಹೊಡೆಯಬೇಕಾದ ಬೆಳೆ ಅವು.

ದುಡ್ಡು, ಬಾಡಿಗೆ, ಕಾಗದ ಪತ್ರ

ನಮ್ಮ ಸುತ್ತ ಡ್ರೋನ್ ಬಾಡಿಗೆ ಎಕರೆಗೆ 400ರಿಂದ 600 ರೂಪಾಯಿ ಇದೆ, ಔಷಧಿ ನಮ್ಮದು. ಕ್ಯಾನ್‌ನಲ್ಲಾದರೆ ಇಬ್ಬರು ಆಳು ದಿನವಿಡೀ, ಊಟ ಕಾಫಿ ಬೇರೆ. ಬರೀ ದುಡ್ಡು ನೋಡಿದರೆ ಹೆಚ್ಚು ಕಡಿಮೆ ಸಮ. ಸಿಗುವ ಲಾಭ ಸಮಯದ್ದು. ರೋಗ ಕಂಡ ಮರುದಿನವೇ ಇಡೀ ಗದ್ದೆ ಮುಗಿಯುತ್ತದೆ, ಆಳಿಗೆ ಮೂರು ದಿನ ಕಾಯುವುದಿಲ್ಲ.

ಸ್ವಂತಕ್ಕೆ ಕೊಳ್ಳುವ ಯೋಚನೆ ಇದ್ದರೆ, ಏಳೆಂಟು ಎಕರೆಯವರು ಬಿಟ್ಟುಬಿಡಿ. ಇದು ಬಾಡಿಗೆಗೆ ಓಡಿಸುವವರ ವ್ಯಾಪಾರ, ಟ್ರ್ಯಾಕ್ಟರ್ ಇದ್ದ ಹಾಗೆ. ಯಂತ್ರೀಕರಣದ ಯೋಜನೆಯಲ್ಲಿ ಬಾಡಿಗೆ ಕೇಂದ್ರ ನಡೆಸುವ ರೈತರ ಸಹಕಾರ ಸಂಘಗಳಿಗೆ ಶೇ 40, ಗರಿಷ್ಠ 4 ಲಕ್ಷ ಸಹಾಯಧನ, ಕೃಷಿ ಪದವೀಧರರಿಗೆ ಶೇ 50, ಗರಿಷ್ಠ 5 ಲಕ್ಷ ಅಂತ ಇಟ್ಟಿದ್ದಾರೆ. ಮಹಿಳಾ ಸ್ವಸಹಾಯ ಸಂಘಗಳಿಗೆ 2023ರಲ್ಲಿ ನಮೋ ಡ್ರೋನ್ ದೀದಿ ಅಂತ ಬೇರೆ ಯೋಜನೆ ಬಂತು: 15,000 ಸಂಘಗಳ ಗುರಿ, ಶೇ 80, ಗರಿಷ್ಠ 8 ಲಕ್ಷದವರೆಗೆ. ಊರಿನ ಸಂಘದಲ್ಲಿ ಒಬ್ಬ ಹೆಣ್ಣುಮಗಳು ಕಲಿತು ಬಂದರೆ ನಮಗೂ ಒಳ್ಳೆಯದು. ದೂರದ ಗಾಡಿಗೆ ಕಾಯುವುದು ತಪ್ಪುತ್ತದೆ. ಬ್ಯಾಟರಿ ಸವೆಯುವ ಖರ್ಚನ್ನು ಮಾತ್ರ ಮೊದಲ ದಿನದಿಂದಲೇ ತೆಗೆದಿಡಬೇಕು, ಎಲ್ಲರೂ ಮರೆಯುವುದು ಅದನ್ನೇ.

ಕಾನೂನಿನ ಕಡೆಯಿಂದ, 2021ರ ಡ್ರೋನ್ ನಿಯಮದ ಪ್ರಕಾರ ಸಿಂಪಡಣೆ ಡ್ರೋನ್ ಹಾರಿಸುವವರ ಹತ್ತಿರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇರಬೇಕು, ಡ್ರೋನಿಗೆ ನೋಂದಣಿ ಸಂಖ್ಯೆ ಇರಬೇಕು. ಆಕಾಶದಿಂದ ಕೀಟನಾಶಕ ಹೊಡೆಯುವುದಾದರೆ 24 ಗಂಟೆ ಮೊದಲೇ ಊರಿಗೆ ತಿಳಿಸಬೇಕು ಅಂತ ಕೀಟನಾಶಕ ನಿಯಮಗಳಲ್ಲೇ ಇದೆ. ನಮ್ಮೂರಲ್ಲಿ ಯಾರೂ ಡಂಗುರ ಸಾರಿಸಿದ್ದು ನಾನು ಕಂಡಿಲ್ಲ. ಕೊನೇ ಪಕ್ಷ ಅಕ್ಕಪಕ್ಕದ ಹೊಲದವರಿಗೆ, ಜೇನು ಪೆಟ್ಟಿಗೆ ಇಟ್ಟವರಿಗೆ ಒಂದು ಫೋನ್ ಮಾಡಿ. ರೇಷ್ಮೆ ಸಾಕುವವರ ಹಿಪ್ಪುನೇರಳೆ ಹತ್ತಿರ ಇದ್ದರೆ ಅವತ್ತು ಡ್ರೋನೇ ಬೇಡ. ಸೊಪ್ಪಿನ ಮೇಲೆ ಒಂದಿಷ್ಟು ತೇಲಿ ಬಂದರೂ ಹುಳು ಉಳಿಯುವುದಿಲ್ಲ.

ಬಾಡಿಗೆಯವರನ್ನು ಕೇಳಬೇಕಾದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಒಂದು: ಇದಕ್ಕೂ ಮುಂಚೆ ಈ ಟ್ಯಾಂಕಿನಲ್ಲಿ ಏನಿತ್ತು? ಎರಡು ವರ್ಷದ ಹಿಂದೆ ನಾನು ಅದನ್ನು ಕೇಳಲಿಲ್ಲ. ಅರ್ಧ ಎಕರೆ ಹುರುಳಿಕಾಯಿ ಹಾಕಿದ್ದೆ. ಬಂದ ಗಾಡಿಯವರು ಹಿಂದಿನ ದಿನ ಯಾರದೋ ಮೆಕ್ಕೆಜೋಳಕ್ಕೆ 2,4-ಡಿ ಕಳೆನಾಶಕ ಹೊಡೆದು ಬಂದಿದ್ದರು. ಟ್ಯಾಂಕಿಗೆ ಒಂದು ತಂಬಿಗೆ ನೀರು ಹಾಕಿ ಅಲುಗಾಡಿಸಿ ಚೆಲ್ಲಿದರು, 'ಕ್ಲೀನ್ ಆಯ್ತಣ್ಣ' ಅಂದರು. ನಾನೂ ಹೂಂ ಅಂದೆ. ನಾಲ್ಕನೇ ದಿನಕ್ಕೆ ಎಲೆಗಳು ಬಟ್ಟಲಿನ ಹಾಗೆ ಮುದುರಿದವು, ಕುಡಿಗಳು ಹಗ್ಗ ಹೊಸೆದ ಹಾಗೆ ತಿರುಚಿದವು. ಅರ್ಧ ಎಕರೆಯೂ ಹೋಯಿತು. ಕೇಳಿದರೆ 'ನಿಮ್ಮ ಔಷಧೀನೇ ಡೂಪ್ಲಿಕೇಟ್ ಇರಬೇಕು' ಅಂದರು. ರಸೀದಿ ಇಲ್ಲ, ಫೋಟೊ ಇಲ್ಲ, ಏನಂತ ಜಗಳ ಆಡುವುದು?

ಈಗ ಡ್ರೋನ್ ಗಾಡಿ ಹೊಲದ ಹತ್ತಿರ ನಿಂತ ಕೂಡಲೇ ನಾನು ಮಾಡುವ ಮೊದಲ ಕೆಲಸ ಮೋಟರ್ ಹಾಕುವುದು. ಒಂದು ಬಕೆಟ್, ಸೋಪಿನ ಪುಡಿ ಮೊದಲೇ ತಂದಿಟ್ಟಿರುತ್ತೇನೆ. ಮೂರು ಸಲ ತೊಳೆದು, ಪ್ರತಿ ಸಲವೂ ನೀರು ನಾಝಲ್ ಮೂಲಕವೇ ಹೊರಗೆ ಬರಬೇಕು. ಆ ನೀರು ಕಾಲುವೆಗೆ ಹೋಗದ ಹಾಗೆ ಪಾಳು ಮೂಲೆಯಲ್ಲಿ ಒಂದು ಗುಂಡಿ ತೋಡಿಸಿದ್ದೇನೆ. ಹುಡುಗರು ಮುಖ ಗಂಟು ಹಾಕಿಕೊಳ್ಳುತ್ತಾರೆ, ಅಷ್ಟರಲ್ಲಿ ಇನ್ನೊಂದು ಎಕರೆ ಆಗುತ್ತಿತ್ತು ಅಂತ. ಅದಕ್ಕೇ ಆ ಹತ್ತು ನಿಮಿಷಕ್ಕೆ ಅಂತ ಐವತ್ತು ರೂಪಾಯಿ ಜಾಸ್ತಿ ಕೊಡುತ್ತೇನೆ, ಮೊದಲೇ ಹೇಳಿ.